ಸುಳ್ಳು ಹೇಳಲಾಗದ ‘ಸಾಕ್ಷಿಣಿ’

ಮೊನ್ನೆ ರಾತ್ರಿ ನಿದ್ದೆ ಬರಲಿಲ್ಲ ಅಂತ ಒಂದು ಹಳೇ ಸ್ಪ್ಯಾನಿಷ್ ಸಿನಿಮಾ ಹಾಕಿಕೊಂಡು ಕೂತೆ. ಅಮ್ಮನೂ ಬಂದು ಪಕ್ಕದಲ್ಲಿ ಕೂತರು. ಕನ್ನಡಕ ಒಳಗೇ ಮರೆತು ಬಂದಿದ್ದರು, ಹಾಗಾಗಿ ಸಬ್‌ಟೈಟಲ್ ಓದುವ ಮಾತೇ ಇಲ್ಲ. ಸುಮ್ನೆ ನೋಡುತ್ತಿದ್ದರು. ನಾಯಕಿ ಅತ್ತಳು, ಫೋನ್ ಕಿತ್ತೆಸೆದಳು, ಹಾಸಿಗೆಗೆ ಬೆಂಕಿ ಬಿತ್ತು. ಅಮ್ಮ ಆಕಳಿಸಿದರು. ಆಮೇಲೆ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡ ಒಬ್ಬ ಹೆಂಗಸು ಬಂದು ಏನೋ ನಾಲ್ಕು ಮಾತು ಹೇಳಿದಳು. ಅಮ್ಮ ಕಿಸಕ್ಕನೆ ನಕ್ಕುಬಿಟ್ಟರು. ‘ಯಾರೇ ಇವಳು? ಥೇಟ್ ನಮ್ಮ ವಠಾರದಲ್ಲಿ ಇದ್ದವರ ಹಾಗೇ ಇದ್ದಾಳಲ್ಲ!’

ಇವರು ಚೂಸ್ ಲಾಂಪ್ರೆಯಾವೆ. ಹುಟ್ಟಿದ್ದು 1930ರ ಡಿಸೆಂಬರಿನಲ್ಲಿ, ಮ್ಯಾಡ್ರಿಡ್‌ನಲ್ಲಿ. ಪೂರ್ತಿ ಹೆಸರು ಮರಿಯಾ ಹೆಸೂಸ್. ಸ್ಪೇನಿನಲ್ಲಿ ಆ ಹೆಸರಿನವರನ್ನು ಪ್ರೀತಿಯಿಂದ ಚೂಸ್ ಅಂತ ಕರೀತಾರೆ. ಓದಿದ್ದು ಚಿತ್ರಕಲೆ. ನಟಿಯಾಗಲೇಬೇಕು ಅನ್ನುವ ಹಠ ಯಾವತ್ತೂ ಇರಲಿಲ್ಲ. ಯಾರೋ ಕರೆದರು, ಹೋದರು, ಹಾಗೇ ಅರ್ಧ ಶತಮಾನ ಕಳೆಯಿತು. ಅವರ ನಟನೆ ನೋಡಿದರೆ ಈ ವಿಷಯ ಗೊತ್ತಾಗಿಬಿಡುತ್ತೆ ಅನ್ನೋದು ನನ್ನ ಅನಿಸಿಕೆ. ಯಾರಿಗೂ ಏನನ್ನೂ ತೋರಿಸಿಕೊಳ್ಳುವ ಆತುರ ಆ ಮುಖದಲ್ಲಿ ಇಲ್ಲ.

ಶುರುವಾಗಿದ್ದು 1950ರ ದಶಕದ ಕೊನೆಯಲ್ಲಿ. ಫ್ರಾಂಕೊ ಸರ್ವಾಧಿಕಾರದ ಕಾಲ. ಮಾರ್ಕೊ ಫೆರೆರಿಯ ‘ಎಲ್ ಪಿಸೀತೊ’ದಲ್ಲಿ ಸಣ್ಣ ಪಾತ್ರ. ಅದರ ಕಥೆ ಕೇಳಿ: ತನ್ನ ಹುಡುಗಿಯನ್ನು ಮದುವೆಯಾಗೋಣ ಅಂದರೆ ಮ್ಯಾಡ್ರಿಡ್‌ನಲ್ಲಿ ಬಾಡಿಗೆ ಮನೆ ಸಿಗದ ಒಬ್ಬ, ಮನೆಯ ಮುದುಕಿಯನ್ನೇ ಮದುವೆಯಾಗುತ್ತಾನೆ. ಮುದುಕಿ ಸತ್ತರೆ ಮನೆ ಇವನ ಪಾಲಿಗೆ ಉಳಿಯುತ್ತಲ್ಲ, ಅದಕ್ಕೆ! 1963ರಲ್ಲಿ ಬೆರ್ಲಾಂಗಾನ ‘ಎಲ್ ವೆರ್ದೂಗೊ’ದಲ್ಲೂ ಒಂದು ಚಿಕ್ಕ ಪಾತ್ರ. ಮರಣದಂಡನೆ ಜಾರಿ ಮಾಡುವವನ ಕೆಲಸದ ಮೇಲೆ ಕಟ್ಟಿದ ಹಾಸ್ಯ ಅದು. ಸೆನ್ಸಾರ್ ಕತ್ತರಿ ನೆತ್ತಿಯ ಮೇಲೇ ಆಡುತ್ತಿದ್ದ ದಿನಗಳಲ್ಲಿ ಇಂಥ ಸಿನಿಮಾ ಮಾಡಬೇಕು ಅಂದರೆ ಮುಖ ಗಂಭೀರವಾಗಿ ಇಟ್ಟುಕೊಂಡೇ ತಮಾಷೆ ಮಾಡಬೇಕಿತ್ತು. ಚೂಸ್ ಪಳಗಿದ್ದು ಅದೇ ಗರಡಿಯಲ್ಲಿ.

ಆದರೂ ಐವತ್ತು ದಾಟುವವರೆಗೆ ಈ ಹೆಸರು ಜಾಸ್ತಿ ಜನರ ಬಾಯಲ್ಲಿ ಇರಲಿಲ್ಲ. 1983ರಲ್ಲಿ ನಿರ್ದೇಶಕ ಪೆದ್ರೊ ಅಲ್ಮೊದೊವಾರ್ ತನ್ನ ಸಿನಿಮಾದಲ್ಲಿ ಇವರನ್ನು ಕ್ರೈಸ್ತ ಸನ್ಯಾಸಿನಿ ಮಾಡಿದ. ಆ ಮಠದಲ್ಲಿ ಎಲ್ಲರೂ ತಮ್ಮನ್ನು ತಾವೇ ಹೀಯಾಳಿಸಿಕೊಳ್ಳುವ ಹೆಸರು ಇಟ್ಟುಕೊಂಡಿರುತ್ತಾರೆ. ಇವಳ ಹೆಸರು ಗಲ್ಲಿಯ ಇಲಿ. ಗಲ್ಲಿಯ ಇಲಿ ಸಿಸ್ಟರ್ ಬೇರೆ ಹೆಸರಿನಲ್ಲಿ ಕದ್ದು ಮುಚ್ಚಿ ಅಗ್ಗದ ಕಾದಂಬರಿ ಬರೀತಾಳೆ.

ಅದರ ಮರುವರ್ಷ ಬಂದ ಸಿನಿಮಾದ ಅಜ್ಜಿ ಇದ್ದಾಳಲ್ಲ, ನನಗೆ ಅವಳೆಂದರೆ ಪ್ರಾಣ. ‘ಇದಕ್ಕೆಲ್ಲ ನಾನೇನು ಪಾಪ ಮಾಡಿದ್ದೆ!’ ಅನ್ನುವಂಥ ಹೆಸರಿನ ಸಿನಿಮಾ. ಮ್ಯಾಡ್ರಿಡ್‌ನ ಹೆದ್ದಾರಿ ಪಕ್ಕ ಬೆಂಕಿಪೊಟ್ಟಣಗಳ ಹಾಗೆ ಜೋಡಿಸಿಟ್ಟ ಮನೆಗಳು. ಅದರಲ್ಲೊಂದು ಮನೆಯಲ್ಲಿ ನಟಿ ಕಾರ್ಮೆನ್ ಮೌರಾ ಮಾಡಿದ ಸೊಸೆ ದುಡಿದು ದುಡಿದು ಸುಸ್ತಾಗಿದ್ದಾಳೆ. ಅತ್ತೆ ಚೂಸ್ ಏನು ಮಾಡ್ತಾಳೆ ಗೊತ್ತಾ? ಕೇಕು, ಸೋಡಾ ನೀರು ಎಲ್ಲಾ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು, ಮನೆಯವರಿಗೇ ದುಡ್ಡಿಗೆ ಮಾರ್ತಾಳೆ! ಒಂದು ಹಲ್ಲಿ ಸಿಗುತ್ತೆ, ಅದನ್ನು ಸಾಕುತ್ತಾಳೆ, ಅದಕ್ಕೆ ‘ದುಡ್ಡು’ ಅಂತ ಹೆಸರಿಡ್ತಾಳೆ. ಮೊಮ್ಮಗನ ಹೋಂವರ್ಕ್‌ನಲ್ಲಿ ಯಾವ ಲೇಖಕ ರೊಮ್ಯಾಂಟಿಕ್, ಯಾವನು ರಿಯಲಿಸ್ಟ್ ಅನ್ನೋ ಪ್ರಶ್ನೆ ಬಂದರೆ ಬೈರನ್ನನನ್ನು ರಿಯಲಿಸ್ಟ್ ಮಾಡಿ, ಬಾಲ್ಜಾಕ್‌ನನ್ನು ರೊಮ್ಯಾಂಟಿಕ್ ಮಾಡ್ತಾಳೆ. ಎಲ್ಲಾ ಉಲ್ಟಾ, ಅದೂ ಒಂದು ಚೂರೂ ಅನುಮಾನ ಇಲ್ಲದೆ! ಇಷ್ಟೆಲ್ಲ ಇದ್ದರೂ ಊರಿಗೆ ವಾಪಸ್ ಹೋಗಬೇಕು ಅನ್ನುವ ಅವಳ ಹಂಬಲ ನೋಡಿದರೆ ಹೊಟ್ಟೆ ಚುರ್ ಅನ್ನುತ್ತೆ. ಜಿಪುಣಿ, ಸ್ವಾರ್ಥಿ, ಒಂಟಿ, ಮುದ್ದು, ಎಲ್ಲಾ ಒಂದೇ ಅಜ್ಜಿ. ಸಿನಿಮಾದವರ ಲೆಕ್ಕದಲ್ಲಿ ಅಜ್ಜಿಯರು ಎರಡೇ ಥರ, ಒಂದು ಕಣ್ಣೀರಿನ ಕೊಡ, ಇನ್ನೊಂದು ಗಯ್ಯಾಳಿ. ಈ ಅಜ್ಜಿ ಎರಡೂ ಅಲ್ಲ. ಅಂದ ಹಾಗೆ ಆಗ ಚೂಸ್‌ಗೆ ಇನ್ನೂ 53.

ಅಮ್ಮ ನಕ್ಕಿದ್ದು ಮಾತ್ರ 1988ರ ಸಿನಿಮಾ ನೋಡಿ. ನರದೌರ್ಬಲ್ಯದ ಅಂಚಿನಲ್ಲಿರುವ ಹೆಂಗಸರ ಕಥೆ ಅದು. ಚೂಸ್ ಅಲ್ಲಿ ‘ಪೋರ್ತೆರಾ’. ಅಂದರೆ ಕಟ್ಟಡದ ಕೆಳಗೇ ಇದ್ದುಕೊಂಡು ಯಾರು ಬಂದರು, ಯಾರು ಹೋದರು, ಯಾರಿಗೆ ಕಾಗದ ಬಂತು ಅಂತ ಎಲ್ಲಾ ಬಲ್ಲವಳು. ಜೊತೆಗೆ ಇವಳು ‘ಯೆಹೋವನ ಸಾಕ್ಷಿಗಳು’ ಅನ್ನುವ ಕ್ರೈಸ್ತ ಪಂಥದವಳು. ಸುಳ್ಳು ಹೇಳೋದಕ್ಕೆ ನನ್ನ ಧರ್ಮ ಬಿಡಲ್ಲ, ನನಗೇನೋ ಹೇಳೋಕೆ ಇಷ್ಟವೇ, ಆದರೆ ನಮ್ಮ ‘ತೆಸ್ತೀಗ’ರ ಕರ್ಮ ಇದೇ ನೋಡಿ, ಆಗಲ್ಲ ಅಂತಾಳೆ. ಸಾಕ್ಷಿಗೆ ಸ್ಪ್ಯಾನಿಷ್‌ನಲ್ಲಿ ‘ತೆಸ್ತೀಗೊ’ ಅಂತಾರೆ. ಗಂಡಾಗಲಿ ಹೆಣ್ಣಾಗಲಿ ಅದೇ ಪದ. ಇವಳು ಅದಕ್ಕೊಂದು ಹೆಣ್ಣು ರೂಪ ತಾನೇ ಹುಟ್ಟಿಸಿಬಿಟ್ಟಳು. ನಾವು ‘ಸಾಕ್ಷಿಣಿ’ ಅಂದ ಹಾಗೆ. ಇದನ್ನೆಲ್ಲ ಹೇಳುವಾಗ ಮುಖ ಹೇಗಿರುತ್ತೆ ಅಂದರೆ, ತರಕಾರಿ ಅಂಗಡಿಯಲ್ಲಿ ‘ಇವತ್ತು ಬೀನ್ಸ್ ಬಂದಿಲ್ಲ’ ಅನ್ನುವಷ್ಟು ಸಹಜ. ಕಣ್ಣು ಅರಳಿಸಲ್ಲ, ಕೈ ಆಡಿಸಲ್ಲ, ನಗುವಿಗೆ ಅಂತ ಜಾಗ ಬಿಡಲ್ಲ. ತಾನು ತಮಾಷೆ ಮಾಡ್ತಿದ್ದೇನೆ ಅಂತ ಅವಳಿಗೇ ಗೊತ್ತಿಲ್ಲ. ಭಾಷೆ ಬರದ ಅಮ್ಮನಿಗೂ ಅದು ದಾಟಿತು, ಅಲ್ವಾ?

1995ರ ಸಿನಿಮಾದಲ್ಲಿ ಅಲ್ಮೊದೊವಾರ್ ತನ್ನ ಅಮ್ಮನ ಮಾತುಗಳನ್ನೇ ಚೂಸ್ ಬಾಯಲ್ಲಿ ಇಟ್ಟ. ಪಟ್ಟಣದ ಫ್ಲಾಟಿನಲ್ಲಿ ಒಬ್ಬ ಮಗಳ ಜೊತೆ ದಿನವಿಡೀ ಜಗಳ ಆಡುವ ತಾಯಿ, ಗಂಡನನ್ನು ಕಳೆದುಕೊಂಡ ಹೆಂಗಸು ಊರಿಗೆ ಮರಳಬೇಕು, ಇಲ್ಲದಿದ್ದರೆ ಕೊರಳ ಗಂಟೆ ಇಲ್ಲದ ಹಸುವಿನ ಹಾಗೆ ದಿಕ್ಕು ತಪ್ತೀವಿ ಅಂತಾಳೆ. ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಹಾಗಂತ ಇವರ ಪಾತ್ರಗಳೆಲ್ಲ ಸತ್ಯಹರಿಶ್ಚಂದ್ರನ ಅಕ್ಕತಂಗಿಯರು ಅಂತ ತಿಳಿಯಬೇಡಿ. ‘ಬೆಲ್ ಎಪೊಕ್’ ಸಿನಿಮಾದಲ್ಲಿ ಇವರು ಮಾಡಿದ ದೈವಭಕ್ತ ಅಮ್ಮನಿಗೆ ಅವಳದೇ ಲೆಕ್ಕಾಚಾರ. ಅದಕ್ಕೇ ಸ್ಪೇನಿನ ಸಿನಿಮಾ ಪ್ರಶಸ್ತಿ ಗೋಯಾ ಬಂತು. ನಾವು ‘ಪೋಷಕ ನಟಿ’ ಅನ್ನುವ ವಿಭಾಗ. ಈ ಪದ ನನಗೆ ಯಾವಾಗಲೂ ಕಿರಿಕಿರಿ. ಯಾರನ್ನು ಪೋಷಿಸಬೇಕು? ನಾಯಕಿಯನ್ನಾ? ಸ್ಪ್ಯಾನಿಷ್‌ನಲ್ಲಿ ಅದಕ್ಕೆ ‘ರೆಪಾರ್ತೊ’ದ ನಟಿ ಅಂತಾರೆ. ರೆಪಾರ್ತೊ ಅಂದರೆ ಹಂಚಿಕೆ. ಎಲ್ಲರಿಗೂ ಪಾತ್ರ ಹಂಚಿದಾಗ ಇವರ ಪಾಲಿಗೆ ಬಂದದ್ದು ಇದು, ಅಷ್ಟೆ. 2006ರಲ್ಲಿ ಕಾನ್ ಚಿತ್ರೋತ್ಸವದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ‘ವೊಲ್ವೆರ್’ ಸಿನಿಮಾದ ಆರು ನಟಿಯರಿಗೆ ಒಟ್ಟಿಗೆ ಶ್ರೇಷ್ಠ ನಟಿ ಪ್ರಶಸ್ತಿ ಕೊಟ್ಟರು. ಪೆನೆಲೊಪೆ ಕ್ರೂಸ್, ಕಾರ್ಮೆನ್ ಮೌರಾ ಜೊತೆಗೆ 75 ವರ್ಷದ ಚೂಸ್ ಕೂಡ. ಅಲ್ಲಿ ಯಾರೂ ಪೋಷಕರಲ್ಲ.

‘ವೊಲ್ವೆರ್’ನಲ್ಲಿ ಇವರು ಹಳ್ಳಿಯ ಪೌಲಾ ಚಿಕ್ಕಮ್ಮ. ಕಣ್ಣು ಕಾಣಲ್ಲ, ಅರಳುಮರಳು. ನೋಡೋಕೆ ಬಂದ ಹುಡುಗಿಯರಿಗೆ ಡಬ್ಬಿಯಲ್ಲಿ ತಿಂಡಿ ಕಟ್ಟಿ ಕೊಡುತ್ತಾಳೆ. ಇಷ್ಟು ಮುದುಕಿ ಇದನ್ನೆಲ್ಲ ಹೇಗೆ ಮಾಡಿದಳು ಅಂತ ಅವರಿಗೆ ಆಶ್ಚರ್ಯ. ಯಾವಾಗಲೋ ಸತ್ತುಹೋದಳು ಅಂತ ಎಲ್ಲರೂ ಅಂದುಕೊಂಡಿರುವ ನಿಮ್ಮಮ್ಮನೇ ನನ್ನನ್ನು ನೋಡಿಕೊಳ್ತಿದ್ದಾಳೆ ಅಂತಾಳೆ ಚಿಕ್ಕಮ್ಮ. ಪಾಪ, ತಲೆ ಕೆಟ್ಟಿದೆ ಅಂದುಕೊಳ್ತಾರೆ ಎಲ್ಲರೂ. ಅವಳು ಹೇಳಿದ್ದು ಅಕ್ಷರಶಃ ನಿಜ. (ಸಿನಿಮಾ ಬಂದು ಇಷ್ಟು ವರ್ಷ ಆಯ್ತು, ಸಸ್ಪೆನ್ಸ್ ಹಾಳು ಮಾಡಿದೆ ಅಂತ ಬೈಬೇಡಿ.) ಹದಿನೆಂಟು ವರ್ಷದ ಹಿಂದಿನ ಸಾಕ್ಷಿಣಿಯೇ ಮತ್ತೆ ಬಂದ ಹಾಗಿದೆ. ಆಗ ಸುಳ್ಳು ಹೇಳೋಕೆ ಬರುತ್ತಿರಲಿಲ್ಲ, ಈಗ ನಿಜ ಹೇಳಿದರೆ ನಂಬುವವರಿಲ್ಲ.

ಚೂಸ್ 2016ರ ಏಪ್ರಿಲಿನಲ್ಲಿ ಅಲ್ಮೆರಿಯಾದಲ್ಲಿ ತೀರಿಕೊಂಡರು. 85 ವರ್ಷ. ಅಲ್ಮೊದೊವಾರ್ ಜೊತೆ ಒಟ್ಟು ಎಂಟು ಸಿನಿಮಾ.

ಇವತ್ತು ರಾತ್ರಿ ‘ವೊಲ್ವೆರ್’ ಹಾಕಬೇಕಂತೆ, ಅಮ್ಮನ ಆರ್ಡರ್. ಕನ್ನಡಕವನ್ನು ಸಂಜೆಯೇ ತಂದು ಸೋಫಾ ಮೇಲೆ ಇಟ್ಟುಕೊಂಡಿದ್ದಾರೆ. ಪೌಲಾ ಚಿಕ್ಕಮ್ಮ ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಸತ್ತುಹೋಗ್ತಾಳೆ ಅಂತ ನಾನಿನ್ನೂ ಹೇಳಿಲ್ಲ.