ಮೀಸೆ, ಮಾಸ್ಕ್ ಮತ್ತು ಮಹದಾಯಿ

ಗೋವಾದ ಗ್ರಾಂಡೆ ದ್ವೀಪಕ್ಕೆ ಸ್ನಾರ್ಕೆಲಿಂಗ್ (ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರಾಟದ ಕೊಳವೆ ಇಟ್ಟು, ಬೋರಲು ತೇಲುತ್ತ ಮೀನು ನೋಡುವುದು) ಮಾಡಲು ಒಬ್ಬರೇ ಹೊರಟವರಿಗೆ ಮೊದಲ ತೊಂದರೆ ಸಮುದ್ರದ್ದಲ್ಲ, ಜೇಬಿನದು. ರೂಮಿನ ಕೀಲಿ, ಮೊಬೈಲು, ಪರ್ಸು, ಕನ್ನಡಕ ಇಷ್ಟನ್ನೂ "ಸ್ವಲ್ಪ ಹಿಡ್ಕೋ" ಎಂದು ಕೊಡಲು ಪಕ್ಕದಲ್ಲಿ ಯಾರೂ ಇಲ್ಲ. ಬೋಟಿನಲ್ಲಿರುವುದು ಹುಬ್ಬಳ್ಳಿ ಹುಡುಗರ ಒಂದು ದಂಡು, ಹೊಸದಾಗಿ ಮದುವೆಯಾದ ಒಂದು ಜೋಡಿ. ಅವರೇ ತಮ್ಮ ಮೊಬೈಲುಗಳನ್ನು ನಿಮ್ಮ ಕೈಗಿಟ್ಟು "ಅಣ್ಣಾರ, ಒಂದ್ ಫೋಟೋ ಹೊಡೀರಿ" ಅನ್ನುತ್ತಾರೆ. ಒಂಟಿಯಾಗಿ ಬಂದವರು ಆ ದಿನದ ಮಟ್ಟಿಗೆ ಬೋಟಿನ ಆಸ್ಥಾನ ಫೋಟೋಗ್ರಾಫರ್. ಸಿಟ್ಟಾಗಬೇಡಿ, ಈ ಋಣ ಮುಂದೆ ಉಪಯೋಗಕ್ಕೆ ಬರುತ್ತದೆ.

ಸಾಮಾನಿಗೆ ನೀರು ನುಗ್ಗದ, ಐದು ಲೀಟರಿನ ಡ್ರೈ ಬ್ಯಾಗ್ ಸಾಕು. ಬಾಯನ್ನು ಕನಿಷ್ಠ ಮೂರು ಸುತ್ತು ಮಡಚಿ ಕ್ಲಿಪ್ ಹಾಕಿ, ಬೆಂಚಿನ ಕಾಲಿಗೆ ಕಟ್ಟಿಬಿಡಿ. ಕೊರಳಿಗೆ ಹಾಕುವ ಮೊಬೈಲ್ ಪೌಚನ್ನು ನಂಬುವ ಮೊದಲು ಅದರೊಳಗೆ ಟಿಶ್ಯೂ ಪೇಪರ್ ಇಟ್ಟು ಅರ್ಧ ಗಂಟೆ ಬಕೆಟ್ಟಿನಲ್ಲಿ ಮುಳುಗಿಸಿ ನೋಡಿ. ಪರೀಕ್ಷೆಯಲ್ಲಿ ಟಿಶ್ಯೂ ಫೇಲಾದರೆ ಹತ್ತು ಪೈಸೆ ನಷ್ಟ.

ಕೋಕೊ ಬೀಚ್ ಕಡೆಯಿಂದ ಹೊರಟರೆ ದ್ವೀಪಕ್ಕೆ ಸುಮಾರು ಒಂದು ಗಂಟೆಯ ದಾರಿ. ಬೆಳಿಗ್ಗೆ ಗಡದ್ದಾಗಿ ಪೂರಿ-ಭಾಜಿ ಹೊಡೆದವರ ಬಂಡವಾಳ ಬಯಲಾಗುವುದು ಇಲ್ಲಿಯೇ. ವಾಂತಿ ಮಾತ್ರೆಯನ್ನು ಬೋಟು ಹತ್ತುವುದಕ್ಕೆ ಅರ್ಧ-ಒಂದು ಗಂಟೆ ಮೊದಲೇ ನುಂಗಬೇಕು. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದರೆ ಅದೂ ಪೂರಿಯ ಜೊತೆಗೇ ವಾಪಸ್ ಬರುತ್ತದೆ. ಬೋಟಿನ ಮೂತಿಯ ಭಾಗ ಹೆಚ್ಚು ಕುಣಿಯುತ್ತದೆ, ಹಿಂಭಾಗದಲ್ಲಿ ಡೀಸೆಲ್ ಹೊಗೆ. ಮಧ್ಯದಲ್ಲಿ ಕೂತು ದೂರದ ಬಾನಂಚನ್ನು ನೋಡುತ್ತಿರಿ. ಬಂದೇಬಿಟ್ಟರೆ, ಗಾಳಿ ಬೀಸಿ ಹೋಗುವ ದಿಕ್ಕಿನ ಬದಿಗೆ ಬಗ್ಗಿ. ಎದುರುಗಾಳಿಗೆ ಬಗ್ಗಿದರೆ ನವದಂಪತಿಗೆ ಮುಯ್ಯಿ ಮಾಡಿದಂತಾಗುತ್ತದೆ.

ಲಂಗರು ಬಿದ್ದ ಮೇಲೆ ಟಬ್ಬಿನಿಂದ ಮಾಸ್ಕ್ ಹಂಚುತ್ತಾರೆ. ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳಬೇಡಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಮೆಲ್ಲಗೆ ಉಸಿರೆಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಮುಖದ್ದು. ಬಿದ್ದರೆ ಬೇರೆಯದು ಕೇಳಿ. ನೀರು ನುಗ್ಗುತ್ತದೆಂದು ಪಟ್ಟಿಯನ್ನು ಎಳೆದೆಳೆದು ಬಿಗಿದರೆ ಸಿಲಿಕಾನ್ ಅಂಚು ಸೊಟ್ಟಗಾಗಿ ಇನ್ನಷ್ಟು ನುಗ್ಗುತ್ತದೆ. ಪಟ್ಟಿ ಇರಬೇಕಾದದ್ದು ಕಿವಿಯಿಂದ ಮೇಲೆ, ಹಿಂದಲೆಯ ಉಬ್ಬಿನ ಮೇಲೆ. ಅಂಚಿನಡಿ ಒಂದೆಳೆ ಕೂದಲು ಸಿಕ್ಕಿದರೂ ಅದೇ ನೀರಿನ ಹೆದ್ದಾರಿ.

ಮೀಸೆ ಇದ್ದವರ ಕಷ್ಟ ಬೇರೆಯೇ. ಗೋವಾದ ಬೋಟುಗಳಲ್ಲಿ ಕೆಲಸಕ್ಕೆ ಕೊಪ್ಪಳ-ಗದಗದ ಕಡೆಯ ಹುಡುಗರು ಸಿಗುವುದುಂಟು. "ಮೀಸಿ ಭಾಳ ಚಲೋ ಐತ್ರಿ, ಆದ್ರ ಮಾಸ್ಕ್ ಕೂಡೂದಿಲ್ಲ" ಎಂದು ಮರ್ಯಾದೆಯಾಗಿಯೇ ಹೇಳುತ್ತಾರೆ. ಪೂರ್ತಿ ಬೋಳಿಸಬೇಕಿಲ್ಲ. ಮೂಗಿನ ಬುಡದಲ್ಲಿ, ಅಂಚು ಕೂರುವಷ್ಟು ಒಂದು ಗೆರೆ ತೆಗೆದರೆ ಸಾಕು, ಗೌರವವೂ ಉಳಿಯುತ್ತದೆ. ಕನ್ನಡಕ ಮಾತ್ರ ಒಳಗೆ ಕೂರುವುದಿಲ್ಲ, ಅದರ ಕಡ್ಡಿಗಳು ಅಂಚನ್ನು ಎತ್ತಿಬಿಡುತ್ತವೆ. ಕನ್ನಡಕದ ನಂಬರಿನ ಗಾಜಿರುವ ಪವರ್ ಮಾಸ್ಕ್ ಉಂಟೇ ಎಂದು ಬುಕ್ ಮಾಡುವಾಗಲೇ ಕೇಳಿ.

ಗಾಜು ಮಂಜಾಗುವುದು ಮುಖದ ಬಿಸಿ ಹಬೆ ತಣ್ಣನೆಯ ಗಾಜಿಗೆ ತಾಗಿ. ಒಳಗಡೆ ಉಗುಳಿ ಬೆರಳಲ್ಲಿ ಸವರಿ, ಒಮ್ಮೆ ಸಮುದ್ರದ ನೀರಿಗೆ ಅದ್ದಿ ತೆಗೆಯಿರಿ. ಅಸಹ್ಯವೆನಿಸಿದರೆ ಒಂದು ತೊಟ್ಟು ಬೇಬಿ ಶಾಂಪೂ. ಅಂದಹಾಗೆ ಆ ಟಬ್ಬಿನ ಮಾಸ್ಕುಗಳಿಗೆ ನಿಮ್ಮದೇನೂ ಮೊದಲ ಉಗುಳಲ್ಲ.

ಸ್ನಾರ್ಕೆಲಿನ ಬಾಯಿತುಂಡನ್ನು ಕಬ್ಬು ಜಗಿದಂತೆ ಕಚ್ಚಿದರೆ ಐದೇ ನಿಮಿಷಕ್ಕೆ ದವಡೆ ನೋಯುತ್ತದೆ. ಎರಡು ಗುಬಟುಗಳನ್ನು ಹಲ್ಲಲ್ಲಿ ಹಗುರವಾಗಿ ಹಿಡಿದು ತುಟಿ ಮುಚ್ಚಬೇಕು. ಕೊಳವೆಗೆ ನೀರು ಬಂದಾಗ ಎದೆಯಲ್ಲಿ ಉಳಿದ ಗಾಳಿಯಿಂದ "ತೂ" ಎಂದು ಒಂದೇ ಏಟಿಗೆ ಊದಬೇಕು. ಅದಕ್ಕೇ ಉಸಿರನ್ನು ಪೂರ್ತಿ ಖಾಲಿ ಮಾಡಿಕೊಳ್ಳಬಾರದು. ಇನ್ನೊಂದು ಕಟ್ಟಪ್ಪಣೆ: ಮೀನು ಕಂಡಾಗ ನಗಬಾರದು. ಕೆನ್ನೆ ಮಡಚಿದೊಡನೆ ಅಂಚು ಎದ್ದು ಮಾಸ್ಕಿಗೆ ನೀರು ನುಗ್ಗುತ್ತದೆ. ಗಂಭೀರವಾಗಿ ಸಂತೋಷಪಡಿ.

ಮೀನು ಕಾಣುವುದೂ ಋತುವಿನ ಮೇಲೆ. ಮಳೆಗಾಲದಲ್ಲಿ ಈ ಬೋಟುಗಳೇ ಇಲ್ಲ. ಮಳೆ ನಿಂತ ಹೊಸತರಲ್ಲಿ ಮಾಂಡೋವಿ, ಜುವಾರಿ ನದಿಗಳು ತಂದ ಕೆಸರು ನೀರಲ್ಲೇ ಇರುತ್ತದೆ. ಮಾಂಡೋವಿ ಎಂದರೆ ನಮ್ಮ ಮಹದಾಯಿ, ಹುಟ್ಟುವುದು ಖಾನಾಪುರದ ಕಾಡಿನಲ್ಲಿ. ಹಾಗಾಗಿ ಏನೂ ಕಾಣಲಿಲ್ಲವೆಂದು ಗೋವಾದವರನ್ನು ಬೈಯುವ ಮೊದಲು ಅರ್ಧ ಪಾಲು ಬೆಳಗಾವಿ ಜಿಲ್ಲೆಗೂ ಕೊಡಿ. ಕಂಡ ಮೀನಿನ ಅಳತೆಯನ್ನೂ ನಂಬಬೇಡಿ: ನೀರಿನಲ್ಲಿ ಮಾಸ್ಕಿನ ಮೂಲಕ ಎಲ್ಲವೂ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿಯೂ ಕಾಲು ಪಾಲು ಹತ್ತಿರವಾಗಿಯೂ ಕಾಣುತ್ತದೆ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅದು ಇನ್ನೂ ಬೆಳೆಯುತ್ತದೆ.

ನಿಜವಾಗಿ ಎಚ್ಚರ ಬೇಕಾದದ್ದು ವಾಪಸ್ ಹತ್ತುವಾಗ. ಗುಂಪಿನಲ್ಲಿ ಒಬ್ಬ ಕಡಿಮೆಯಾದರೆ ಉಳಿದವರು ಬೊಬ್ಬೆ ಹೊಡೆಯುತ್ತಾರೆ, ಒಂಟಿಗರ ಪರವಾಗಿ ಕೂಗುವವರಿಲ್ಲ. ಫೋಟೋ ಋಣ ವಸೂಲಿಗೆ ಇದೇ ಸಮಯ: ಇಳಿಯುವ ಮೊದಲೇ ಆ ಹುಡುಗರಲ್ಲಿ ಒಬ್ಬನನ್ನು ಜೋಡಿ ಮಾಡಿಕೊಂಡು "ನಾ ಕಾಣ್ಲಿಲ್ಲಾಂದ್ರೆ ಕೂಗು ತಮ್ಮಾ" ಎಂದು ಹೇಳಿಡಿ. ಬೋಟಿನವನಿಗೂ ಹೆಸರು ಹೇಳಿ. ಬೋಟಿನಿಂದ ನೀರಿಗೆ ಇಳಿಬಿಟ್ಟ ಹಗ್ಗ ಬಿಟ್ಟು ದೂರ ಹೋಗಬೇಡಿ. ಲೈಫ್ ಜಾಕೆಟ್ಟಿನ ತೊಡೆಸಂದಿಯ ಪಟ್ಟಿಯನ್ನು ನಾಚಿಕೆಪಡದೆ ಹಾಕಿ, ಇಲ್ಲದಿದ್ದರೆ ಜಾಕೆಟ್ ಕಿವಿಯವರೆಗೆ ಏರಿ, ನೀವು ಅದರೊಳಗಿಂದ ಇಣುಕುತ್ತಿರುತ್ತೀರಿ.

ಬೆನ್ನಿಗೆ ಸನ್‌ಸ್ಕ್ರೀನ್ ಹಚ್ಚುವವರೂ ಇಲ್ಲವಲ್ಲ, ತುಂಬುತೋಳಿನ ಟೀ ಶರ್ಟ್ ಹಾಕಿಯೇ ಇಳಿಯಿರಿ. ಮೊಣಕಾಲಿನ ಹಿಂಭಾಗಕ್ಕೆ ಕೈ ಎಟುಕುತ್ತದೆ, ಮರೆಯದೆ ಹಚ್ಚಿ. ಬೋರಲು ತೇಲುವವರಿಗೆ ಮೊದಲು ಸುಡುವುದೇ ಆ ಜಾಗ, ಮತ್ತು ರಾತ್ರಿ ಬಸ್ಸಿನ ಸೀಟು ಒತ್ತುವುದೂ ಅಲ್ಲಿಗೇ.