ಕಳ್ಳರು ಗೊತ್ತು, ಹೆಸರು ಹೇಳಲ್ಲ

ಪೊಲೀಸ್ ಡ್ರೆಸ್ ಹಾಕಿಕೊಂಡು ಬಂದವರಿಗೆ ಬಾಗಿಲು ತೆಗೆಯದೆ ಇರೋಕಾಗುತ್ತಾ? 1990ರ ಮಾರ್ಚ್ 18ರ ನಡುರಾತ್ರಿ ದಾಟಿದ ಮೇಲೆ ಬಾಸ್ಟನ್ನಿನ ಇಸಬೆಲ್ಲಾ ಸ್ಟುವರ್ಟ್ ಗಾರ್ಡ್ನರ್ ಮ್ಯೂಸಿಯಂಗೆ ಅಂಥ ಇಬ್ಬರು ಬಂದರು. ಇಲ್ಲೇನೋ ಗಲಾಟೆಯಂತೆ ಎಂದರು. ಕಾವಲಿನವರನ್ನು ಕಟ್ಟಿ ನೆಲಮಾಳಿಗೆಗೆ ಹಾಕಿದರು. 81 ನಿಮಿಷ ಆರಾಮಾಗಿ ಓಡಾಡಿ, ರೆಂಬ್ರಾಂಟ್, ವರ್ಮೀರ್ ಚಿತ್ರಗಳೂ ಸೇರಿ 13 ಕಲಾಕೃತಿ ಹೊತ್ತೊಯ್ದರು. ಅಂದಾಜು ಬೆಲೆ 50 ಕೋಟಿ ಡಾಲರ್.

ಆಮೇಲಿನದು ಇನ್ನೂ ಮಜಾ. 2012ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರು ಮಾಫಿಯಾ ನಂಟಿನ ಮುದುಕನೊಬ್ಬನ ಮನೆಯಂಗಳ ಅಗೆದರು. ಕದ್ದ ಚಿತ್ರಗಳ ಬೆಲೆಪಟ್ಟಿ ಮನೆಯೊಳಗೇ ಸಿಕ್ಕಿತು. ಚಿತ್ರ ಸಿಗಲಿಲ್ಲ! 2013ರಲ್ಲಿ ಎಫ್‌ಬಿಐ ಸುದ್ದಿಗೋಷ್ಠಿ ಕರೆದು, ಕಳ್ಳರು ಗೊತ್ತಾಗಿದ್ದಾರೆ, ಒಂದು ಗ್ಯಾಂಗಿನವರು, ಹೆಸರು ಮಾತ್ರ ಹೇಳಲ್ಲ ಎಂದಿತು. 2015ರಲ್ಲಿ ಆ ಇಬ್ಬರೂ ಸತ್ತಿದ್ದಾರೆ ಎಂದಿತು. ಆಗಲೂ ಹೆಸರಿಲ್ಲ. ಪಾಪ, ಸತ್ತವರ ಮರ್ಯಾದೆ ನೋಡಬೇಕಲ್ವಾ.

ಬಳ್ಳಾರಿಯಲ್ಲಿ ಇದಕ್ಕೆ ಯಾರೂ ಬಾಯಿ ಬಿಟ್ಟು ನೋಡಲ್ಲ. ಅಕ್ರಮ ಗಣಿಗಳ ಕಬ್ಬಿಣದ ಅದಿರಿನ ಲಾರಿಗಳು ಸಾಲಾಗಿ ಹೋಗುತ್ತಿದ್ದ ಕಾಲದಲ್ಲಿ ಯಾವುದು ಯಾರ ಲಾರಿ ಅಂತ ಮಿರ್ಚಿ ಅಂಗಡಿ ಮುಂದೆ ನಿಂತವರಿಗೂ ಗೊತ್ತಿತ್ತು. ಕೇಳಿ ನೋಡಿ, "ನಮಗ್ಯಾಕ್ರೀ ಊರ ಉಸಾಬರಿ" ಅನ್ನುತ್ತಿದ್ದರು. ಅದೂ ಎಫ್‌ಬಿಐ ತರಬೇತಿ ಇಲ್ಲದೆ!

ಅಲ್ಲಿ 13 ಕಲಾಕೃತಿಗೆ ಅಷ್ಟು ಗದ್ದಲ. ಇಲ್ಲಿ ಗುಡ್ಡಗಳೇ ಕರಗಿದವು. ಆಂಧ್ರದ ಜೊತೆಗಿನ ಗಡಿಗುರುತುಗಳೇ ಅಳಿಸಿಹೋದವು. ವೇಷ ಹಾಕುವ ಕಷ್ಟವೂ ಬೇಕಾಗಲಿಲ್ಲ. ಆದರೆ ನಿಜವಾದ ಕಲೆ ನೋಡಬೇಕೆಂದರೆ ಬೇಲೆಕೇರಿಗೆ ಹೋಗಬೇಕು. 2010ರಲ್ಲಿ ಆ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರು ಲಕ್ಷಗಟ್ಟಲೆ ಟನ್ ಹಡಗು ಹತ್ತಿ ಹೋಯಿತು. ಕಳ್ಳಮಾಲನ್ನು ಸರ್ಕಾರದ ಕಾವಲಿನಿಂದಲೇ ಮತ್ತೊಮ್ಮೆ ಕದಿಯುವುದು! ಬಾಸ್ಟನ್ನಿನವರಿಗೆ ಈ ಐಡಿಯಾ ಹೊಳೆಯಲೇ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ಮುಂದಿದ್ದಾರೆ. ಮ್ಯೂಸಿಯಂ ಕಟ್ಟಿಸಿದ ಗಾರ್ಡ್ನರಮ್ಮ, ಇಟ್ಟದ್ದು ಇಟ್ಟಲ್ಲೇ ಇರಬೇಕು ಎಂದು ಉಯಿಲು ಬರೆದಿದ್ದರು. ಹಾಗಾಗಿ ಚಿತ್ರ ಹೋದ ಜಾಗದಲ್ಲಿ ಖಾಲಿ ಫ್ರೇಮುಗಳು ಇನ್ನೂ ನೇತಾಡುತ್ತಿವೆ. ಜನ ಟಿಕೆಟ್ ತೆಗೆದುಕೊಂಡು ಅದನ್ನೂ ನೋಡಿ ಬರುತ್ತಾರೆ.

ನಾವೂ ಸುಮ್ನೆ ಯಾಕೆ ಕೂರಬೇಕು? ಗುಡ್ಡ ಇದ್ದ ಕಡೆಯಲ್ಲೆಲ್ಲ ಒಂದೊಂದು ಫ್ರೇಮು ನಿಲ್ಲಿಸಲಿ. ಹಂಪಿಗೆ ಬಂದವರನ್ನು ಸಂಡೂರಿಗೂ ಕರೆತಂದು ತೋರಿಸಲಿ. ಬೇಗ ಟೆಂಡರ್ ಕರೆಯಲಿ.

ಫ್ರೇಮು ಕಬ್ಬಿಣದ್ದು ಮಾತ್ರ ಬೇಡ.