ಪೈಲಟ್ ಕೇಳುವ ಪ್ರಶ್ನೆ

ಗೋವಾದಲ್ಲಿ ಪೈಲಟ್ ಆಗಲು ವಿಮಾನ ಬೇಡ, ಬೈಕ್ ಸಾಕು. ಹಳದಿ ಮಡ್‌ಗಾರ್ಡಿನ ಬಾಡಿಗೆ ಬೈಕ್ ಓಡಿಸುವವರನ್ನು ಇಲ್ಲಿ ಎಲ್ಲರೂ ಪೈಲಟ್ ಅಂತಲೇ ಕರೆಯುತ್ತಾರೆ. ಇಲ್ಲಿನ ವಾಸ್ಕೋ ಊರಿನಲ್ಲಿ ಕನ್ನಡದವರಿಗೇನೂ ಬರ ಇಲ್ಲ. ಸ್ಟೇಷನ್ ಹೊರಗೆ ಬಂದರೆ "ಬರ್ರಿ ಅಣ್ಣಾರ, ಎಲ್ಲಿಗೆ?" ಅಂತ ಕೇಳುವ ಪೈಲಟ್ಟೂ ಸಿಕ್ಕಾನು.

ನನಗೆ ಇಷ್ಟವಾಗುವುದು ಆ ‘ಎಲ್ಲಿಗೆ’. ನಮ್ಮನ್ನು ಕರೆದೊಯ್ಯುವವರು ಬೇರೆಯವರೂ ಇದ್ದಾರೆ, ಆದರೆ ಲೀಡರ್ ಹಾಗೆ ಕೇಳುವುದಿಲ್ಲ. ಅವನು ಹೋದ ಕಡೆ ನಾವು ಹೋಗಬೇಕು, ಅಷ್ಟೇ. ಅವನಿಗೆ ದಾರಿ ಗೊತ್ತಿರಲೇಬೇಕು ಅಂತಲೂ ಇಲ್ಲ, ಅಲ್ವಾ? ಗೈಡ್‌ಗೆ ದಾರಿ ಗೊತ್ತು, ಜೊತೆಗೆ ಬಾಯಿ ಜಾಸ್ತಿ. ಕಾವಲಿಗೆ ಜೊತೆ ಬರುವ ಎಸ್ಕಾರ್ಟ್‌ಗೆ ದಾರಿ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಮೈಯಲ್ಲಿ ಕಸುವಿದ್ದರೆ ಸಾಕು. ಗೋವಾದ ಸರ್ಕಾರಿ ಬಸ್ಸು ‘ಕದಂಬ’ದ ಕಂಡಕ್ಟರ್ ಕಥೆಯೇ ಬೇರೆ. (ಬಸ್ಸಿನ ಮೇಲೆ ಆ ಹೆಸರು ಕಂಡಾಗ ನಮ್ಮವರಿಗೆ ಸುಮ್ನೆ ಒಂದು ಹೆಮ್ಮೆ.) ಮುಂದೆ ಕೂತವನು ಡ್ರೈವರ್. ಆದರೆ ಹಿಂದಿರುವವನ ಸೀಟಿ ಬೀಳದೆ ಬಸ್ಸು ಕದಲುವುದಿಲ್ಲ.

ಪೈಲಟ್ ಬೇಕಾಗುವುದು ದಾರಿ ಕಷ್ಟದ್ದಾದಾಗ. ಮುರ್ಮಗೋವಾ ಬಂದರಿಗೆ ಬರುವ ದೊಡ್ಡ ಹಡಗಿಗೆ ಕ್ಯಾಪ್ಟನ್ ಇದ್ದೇ ಇರುತ್ತಾನೆ. ಆದರೂ ಬಂದರಿನ ಪೈಲಟ್ ಸಣ್ಣ ದೋಣಿಯಲ್ಲಿ ಹೋಗಬೇಕು. ಆ ಎತ್ತರದ ಕಬ್ಬಿಣದ ಗೋಡೆಗೆ ಇಳಿಬಿಟ್ಟ ಹಗ್ಗದ ಏಣಿ. ಅಲೆ ದೋಣಿಯನ್ನು ಮೇಲೆತ್ತಿದ ಗಳಿಗೆ ನೋಡಿ ಏಣಿಗೆ ಕೈ ಹಾಕಬೇಕು. ಹತ್ತಿದ ಮೇಲೆ ಎಡಕ್ಕೆ, ಬಲಕ್ಕೆ, ನಿಧಾನ ಅಂತ ಹೇಳುತ್ತಾ ಹಡಗನ್ನು ಒಳಗೆ ತರುತ್ತಾನೆ. ಯಜಮಾನಿಕೆ ಮಾತ್ರ ಕ್ಯಾಪ್ಟನ್‌ದೇ. ಏಳು ಸಮುದ್ರ ದಾಟಿ ಬಂದವನಿಗೂ ಇಲ್ಲಿನ ನೀರಿನ ಆಳ ಇಲ್ಲಿಯವನೇ ಹೇಳಬೇಕು. ನಮ್ಮ ರೈಲ್ವೆಯವರು ಡ್ರೈವರನ್ನು ಲೋಕೋ ಪೈಲಟ್ ಯಾಕೆ ಮಾಡಿದರೋ! ಪಾಪ, ಅವನಿಗೆ ತಿರುಗಿಸಲು ಸ್ಟೀರಿಂಗೇ ಇಲ್ಲ.

ಇನ್ನು ವಾಸ್ಕೋ ಅನ್ನುವ ಈ ಊರಿನ ಹೆಸರು. 1498ರಲ್ಲಿ ವಾಸ್ಕೋ ಡ ಗಾಮ ಆಫ್ರಿಕಾದ ಮಾಲಿಂದಿಯಿಂದ ಕಲ್ಲಿಕೋಟೆಗೆ ಬಂದದ್ದು ಮಾಲಿಂದಿಯ ದೊರೆ ಜೊತೆಮಾಡಿ ಕಳಿಸಿದ ಪೈಲಟ್ ಒಬ್ಬನನ್ನು ನಂಬಿ. ಅರಬ್ಬಿ ಸಮುದ್ರದ ಗಾಳಿ ಯಾವಾಗ ಎತ್ತ ಬೀಸುತ್ತದೆ ಅಂತ ಗೊತ್ತಿದ್ದದ್ದು ಆ ಪುಣ್ಯಾತ್ಮನಿಗೆ. ಊರಿಗೆ ಬಿದ್ದದ್ದು ಲೀಡರ್ ಹೆಸರು. ಪೈಲಟ್ ಗುಜರಾತಿಯೋ ಅರಬನೋ ಅಂತ ಇತಿಹಾಸ ಬಲ್ಲವರು ಇನ್ನೂ ಜಗಳ ಆಡುತ್ತಿದ್ದಾರೆ.